ತಿಮ್ಮಯ್ಯ: ಎರಡು ಬಾರಿ ತೊರೆಯಲೆಣಿಸಿದ ಸಮವಸ್ತ್ರ

ಕೊಡಗಿನ ವೀರಪುತ್ರರೆಂದೇ ಖ್ಯಾತರಾದ ಜನರಲ್ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯನವರು ಸೇನೆಯನ್ನು ತೊರೆಯಲು ಎರಡು ಬಾರಿ ಮನಸ್ಸು ಮಾಡಿದ್ದರೆಂಬುದು ಅನೇಕರಿಗೆ ತಿಳಿಯದು. ಎರಡು ಸಲವೂ ಅವರನ್ನು ತಡೆದದ್ದು ನೆಹರೂ ಮನೆತನ. ಮೊದಲು ತಂದೆ, ಸುಮಾರು ಮೂರು ದಶಕಗಳ ತರುವಾಯ ಮಗ.

1906ರಲ್ಲಿ ಮಡಿಕೇರಿಯ ಕಾಫಿ ಬೆಳೆಗಾರರ ಕುಟುಂಬದಲ್ಲಿ ಜನಿಸಿದ ತಿಮ್ಮಯ್ಯ, ಕೂನೂರಿನಲ್ಲಿಯೂ ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿಯೂ ಓದಿ, ಡೆಹ್ರಾಡೂನ್ ಮಾರ್ಗವಾಗಿ ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್ ಸೈನಿಕ ಅಕಾಡೆಮಿ ಸೇರಿದರು. 1926ರಲ್ಲಿ ಅಧಿಕಾರಿಯಾಗಿ ಹೊರಬಂದವರಿಗೆ ಮೊದಲ ನೆಲೆ ಬೆಂಗಳೂರು ದಂಡು. ಅಲ್ಲಿದ್ದ ಹೈಲ್ಯಾಂಡ್ ಲೈಟ್ ಇನ್‌ಫೆಂಟ್ರಿಯಲ್ಲಿ ತರಬೇತಿ. ಅನಂತರ 19ನೇ ಹೈದರಾಬಾದ್ ರೆಜಿಮೆಂಟಿನ 4ನೇ ಬೆಟಾಲಿಯನ್.

ಆ ಬೆಟಾಲಿಯನ್ನಿಗೆ ಕಳುಹಿಸಿದ್ದು ಆಕಸ್ಮಿಕವಲ್ಲ. ಬಿಳಿಯ ಅಧಿಕಾರಿ ಎಂದೂ ಭಾರತೀಯನ ಕೈಕೆಳಗೆ ದುಡಿಯುವ ಪ್ರಸಂಗ ಬಾರದಿರಲೆಂದು 1923ರಲ್ಲಿ ಸರ್ಕಾರ ಕೇವಲ ಎಂಟು ಘಟಕಗಳನ್ನು ಭಾರತೀಯ ಅಧಿಕಾರಿಗಳಿಗೆ ಮೀಸಲಿಟ್ಟಿತ್ತು. ಇದು ಅವುಗಳಲ್ಲೊಂದು. ಗೌರವದ ವೇಷ ತೊಟ್ಟ ಬೇಲಿ ಎನ್ನದೆ ವಿಧಿಯಿಲ್ಲ. ರಾಜನ ಹೆಸರಿನಲ್ಲಿ ಪ್ರಾಣ ಕೊಡಬಲ್ಲವನಿಗೆ ಬಿಳಿಯರ ಎಷ್ಟೋ ಕ್ಲಬ್ಬುಗಳ ಬಾಗಿಲು ಮುಚ್ಚಿಯೇ ಇರುತ್ತಿತ್ತು.

ಈ ಕಹಿ ಹೆಪ್ಪುಗಟ್ಟಿದ್ದು ಅಲಹಾಬಾದಿನಲ್ಲಿ. ಹೊರಗೆ ಜನ ಸತ್ಯಾಗ್ರಹಕ್ಕಿಳಿದಿದ್ದರು. ಅಂಥವರನ್ನು ಹತ್ತಿಕ್ಕುವ ಸರ್ಕಾರದ ಸಮವಸ್ತ್ರ ತಿಮ್ಮಯ್ಯನವರ ಮೈಮೇಲಿತ್ತು. ರಾಜೀನಾಮೆಯ ಮಾತು ಭಾರತೀಯ ಅಧಿಕಾರಿಗಳ ನಡುವೆ ಸುಳಿಯತೊಡಗಿತು. ಆನಂದಭವನದಲ್ಲಿ ಮೋತಿಲಾಲ್ ನೆಹರೂ ಅವರ ಮುಂದೆ ಪ್ರಶ್ನೆ ಇಟ್ಟಾಗ, ಸೇನೆ ಬಿಡಬೇಡಿರೆಂಬ ಸಲಹೆ ದೊರೆಯಿತು. ನಾಳಿನ ಸ್ವತಂತ್ರ ದೇಶಕ್ಕೆ ನುರಿತ ಸೇನಾಧಿಕಾರಿಗಳು ಬೇಕಾಗುವರೆಂಬುದು ಆ ಹಿರಿಯರ ದೂರದೃಷ್ಟಿ.

ಉಳಿದರು. ಆದರೆ ಒಂದೇ ಮನೆಯಲ್ಲಿ ಎರಡು ಉತ್ತರಗಳು ಮೂಡಿದವು: ಸಿಂಗಪುರದ ಪತನಾನಂತರ ಸಹೋದರ ಪೊನ್ನಪ್ಪ ಸುಭಾಷರ ಆಜಾದ್ ಹಿಂದ್ ಫೌಜ್ ಸೇರಿದರೆ, ತಿಮ್ಮಯ್ಯ ಬರ್ಮಾದ ಅರಾಕಾನಿನಲ್ಲಿ ಜಪಾನೀಯರ ವಿರುದ್ಧ ಕಾದಾಡಿದರು. ಆ ಮಹಾಯುದ್ಧದಲ್ಲಿ ಪದಾತಿ ಬ್ರಿಗೇಡನ್ನು ರಣರಂಗದಲ್ಲಿ ಮುನ್ನಡೆಸಿದ ಏಕೈಕ ಭಾರತೀಯ ಅವರು. ಮೋತಿಲಾಲರ ಲೆಕ್ಕಾಚಾರ ಫಲಿಸಿದ್ದು 1948ರ ನವೆಂಬರ್ 1ರಂದು. ಅಂದು ತಿಮ್ಮಯ್ಯನವರ ಸೇನೆ ಸುಮಾರು 11,500 ಅಡಿ ಎತ್ತರದ ಜೋಜಿಲಾ ಕಣಿವೆಮಾರ್ಗಕ್ಕೆ ಟ್ಯಾಂಕುಗಳನ್ನೇರಿಸಿ ಲಡಾಖಿನ ದಾರಿ ತೆರೆಯಿತು.

ಎರಡನೆಯ ನಿರಾಸೆ ಸ್ವತಂತ್ರ ಭಾರತದ್ದು. 1957ರಲ್ಲಿ ಭೂಸೇನಾ ಮುಖ್ಯಸ್ಥರಾದ ಅವರಿಗೂ ರಕ್ಷಣಾ ಸಚಿವ ವಿ.ಕೆ. ಕೃಷ್ಣ ಮೆನನ್ ಅವರಿಗೂ ಬಡ್ತಿಗಳ ವಿಚಾರದಲ್ಲಿ ವಿರಸ ಬೆಳೆಯಿತು. ಗಡಿಯಲ್ಲಿ ಚೀನೀಯರ ಗುಂಡು ಸದ್ದು ಮಾಡಿದ ಬೆನ್ನಲ್ಲೇ, 1959ರ ಆಗಸ್ಟ್ 31ರಂದು ತಿಮ್ಮಯ್ಯ ರಾಜೀನಾಮೆ ಕೊಟ್ಟರು. ಪ್ರಧಾನಿ ಜವಾಹರಲಾಲ್ ನೆಹರೂ ಮನವೊಲಿಸಿ ಅದನ್ನು ಹಿಂತೆಗೆಸಿದರು. ಆದರೆ ಸುದ್ದಿ ಪತ್ರಿಕೆಗಳಿಗೆ ಸೋರಿತು. ಸೆಪ್ಟೆಂಬರ್ 2ರಂದು ಸಂಸತ್ತಿನಲ್ಲಿ ಪ್ರಧಾನಿಗಳು ವಿಷಯ ಕ್ಷುಲ್ಲಕವೆಂಬ ಧಾಟಿಯಲ್ಲಿ ಮಾತನಾಡಿ, ಸೇನಾನಿಯ ನಡೆಯನ್ನೇ ಆಕ್ಷೇಪಿಸಿದರು. ಮೊದಲ ಬಾರಿ ಉಳಿದುದರಿಂದ ದೇಶಕ್ಕೆ ಲಾಭವಾಯಿತು. ಈ ಬಾರಿ ಉಳಿದುದರಿಂದ ಸಚಿವರು ಗೆದ್ದರು, ದಂಡನಾಯಕರ ಮಾತಿನ ತೂಕ ಇಳಿಯಿತು.

1961ರ ಮೇ ತಿಂಗಳಲ್ಲಿ ನಿವೃತ್ತರಾದರು. ಮರುವರ್ಷವೇ ಚೀನಾ ಯುದ್ಧದ ಸೋಲು, ಮೆನನ್ ನಿರ್ಗಮನ. 1964ರಲ್ಲಿ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ದಂಡನಾಯಕರಾಗಿ ಸೈಪ್ರಸ್‌ಗೆ ತೆರಳಿದ ತಿಮ್ಮಯ್ಯ, 1965ರ ಡಿಸೆಂಬರ್ 18ರಂದು ಅಲ್ಲಿಯೇ ಹೃದಯಾಘಾತದಿಂದ ಮೃತಪಟ್ಟರು. ಮುಂದಿನ ವರ್ಷ ಸೈಪ್ರಸ್ ಸರ್ಕಾರ ಅವರ ಸ್ಮರಣಾರ್ಥ ಅಂಚೆಚೀಟಿ ಹೊರತಂದಿತು.