ಹಳೆಯ ಕೊಳವೆಗಳಿಗೆ ಹೊಸ ಉಸಿರಿತ್ತ ಶಿಲ್ಪಿ

ನಮ್ಮ ಹರಿಕಥೆ, ಭಜನೆಗಳಿಗೆ ಒಗ್ಗಿಹೋದ ಹಾರ್ಮೋನಿಯಂ ಹುಟ್ಟುವ ಮುನ್ನವೇ ಅದರ ಹಿರಿಯ ಬಂಧುವೊಂದು ಫ್ರಾನ್ಸಿನ ಟುಲೂಸ್ ನಗರದಲ್ಲಿ ಸಿದ್ಧವಾಗಿತ್ತು. ಲೋಹದ ನಾಲಗೆಗಳಿಂದ ನುಡಿಯುವ ಆ ವಾದ್ಯವನ್ನು ಕಂಡು ಮೆಚ್ಚಿದ ಸಂಗೀತಗಾರ ರೊಸ್ಸಿನಿ, ಅದನ್ನು ರೂಪಿಸಿದ ತರುಣನನ್ನು ಪ್ಯಾರಿಸ್‌ಗೆ ತೆರಳುವಂತೆ ಪ್ರೇರೇಪಿಸಿದರು. ಆ ತರುಣನೇ ಅರಿಸ್ಟೀಡ್ ಕವಾಯೆ-ಕೋಲ್.

1811ರ ಫೆಬ್ರುವರಿ 4ರಂದು ಮೊಂಪೆಲಿಯೆಯಲ್ಲಿ ಜನಿಸಿದ ಅವರಿಗೆ ಆರ್ಗನ್ ನಿರ್ಮಾಣ ಕುಲಕಸುಬು. 1833ರಲ್ಲಿ ಪ್ಯಾರಿಸ್ ತಲುಪಿದ ಅವರು, ಕೆಲವೇ ದಿನಗಳಲ್ಲಿ ನಕ್ಷೆ ಸಿದ್ಧಪಡಿಸಿ ಸಾಂ-ದೆನಿ ಚರ್ಚಿನ ಆರ್ಗನ್ ಗುತ್ತಿಗೆಯನ್ನು ಗೆದ್ದುಕೊಂಡರು. ಆಗ ಅವರ ವಯಸ್ಸು ಕೇವಲ 22. 1841ರಲ್ಲಿ ಪೂರ್ಣಗೊಂಡ ಈ ವಾದ್ಯದಲ್ಲಿ ಇಂಗ್ಲೆಂಡಿನ ಬಾರ್ಕರ್ ಕಂಡುಹಿಡಿದ ಸನ್ನೆಯನ್ನು ಅಳವಡಿಸಲಾಯಿತು. ಆರ್ಗನ್ ದೊಡ್ಡದಾದಷ್ಟೂ ಅದರ ಕೀಲಿಗಳು ಬಿಗಿಯಾಗಿ, ಬೆರಳು ಸೋಲುತ್ತದೆ. ಆ ಭಾರವನ್ನು ಗಾಳಿಯ ಒತ್ತಡವೇ ಹೊರುವಂತೆ ಮಾಡಿದ್ದು ಈ ಸನ್ನೆಯ ಹೆಚ್ಚುಗಾರಿಕೆ.

ಅವರ ನಿಜವಾದ ಪರೀಕ್ಷೆ ನಡೆದದ್ದು ಪ್ಯಾರಿಸ್‌ನ ಸಾಂ-ಸುಲ್ಪೀಸ್ ಚರ್ಚಿನಲ್ಲಿ. ಅಲ್ಲಿದ್ದುದು 1781ರಲ್ಲಿ ಕ್ಲಿಕೋ ನಿರ್ಮಿಸಿದ, 64 ನಾದಶ್ರೇಣಿಗಳ ಹೆಸರಾಂತ ಆರ್ಗನ್. ನಡುವೆ ಅನ್ಯರು ಕೈಗೊಂಡ ದುರಸ್ತಿ ಸಾಲದಾಗಿತ್ತು. ಎಲ್ಲವನ್ನೂ ಕಿತ್ತೆಸೆದು ಹೊಸದನ್ನೇ ಕಟ್ಟುವುದು ಕವಾಯೆ-ಕೋಲ್ ಅವರಿಗೆ ಸುಲಭವಿತ್ತು. ಆದರೆ ಅವರು ಹಾಗೆ ಮಾಡಲಿಲ್ಲ. ಹಿಂದಿನ ಶತಮಾನದ ಮರದ ಕಟ್ಟಡವನ್ನೂ ಕ್ಲಿಕೋನ ಬಹಳಷ್ಟು ಕೊಳವೆಗಳನ್ನೂ ಉಳಿಸಿಕೊಂಡು, ಅವುಗಳ ಜೊತೆಗೇ ತಮ್ಮ ಹೊಸ ನಾದಗಳನ್ನು ಹೊಂದಿಸಿದರು. 1862ರ ಏಪ್ರಿಲ್‌ನಲ್ಲಿ ಉದ್ಘಾಟನೆಗೊಂಡಾಗ ಶ್ರೇಣಿಗಳ ಸಂಖ್ಯೆ 100ಕ್ಕೇರಿತ್ತು. ಐದು ಕೀಲಿಮಣೆ, ಸುಮಾರು 7,000 ಕೊಳವೆ! ಹಳೆಯವರ ಕೆಲಸಕ್ಕೆ ಇಷ್ಟು ಗೌರವ ತೋರಿದ ಕುಶಲಕರ್ಮಿಗಳು ಯಾವ ಕಾಲದಲ್ಲೂ ವಿರಳವೇ.

1868ರಲ್ಲಿ ನೋತ್ರ-ದಾಮ್ ಚರ್ಚಿನ ಆರ್ಗನ್ನನ್ನೂ ಅವರು ಪುನರ್‌ನಿರ್ಮಿಸಿದರು. ಕೀರ್ತಿ ಬೆಳೆದಂತೆ ಹಣ ಬೆಳೆಯಲಿಲ್ಲ. ವ್ಯವಹಾರದ ಲೆಕ್ಕದಲ್ಲಿ ಅವರು ಸದಾ ಹಿಂದೆ. 1898ರಲ್ಲಿ ಕಾರ್ಯಾಗಾರವನ್ನು ಶಾರ್ಲ್ ಮ್ಯೂತಾಂ ಅವರಿಗೆ ಒಪ್ಪಿಸಬೇಕಾಯಿತು. ಮರುವರ್ಷ, ಅಕ್ಟೋಬರ್ 13ರಂದು ಪ್ಯಾರಿಸ್‌ನಲ್ಲಿ ಅವರು ನಿಧನರಾದರು.

ಇಪ್ಪತ್ತನೆಯ ಶತಮಾನದಲ್ಲಿ ಅಭಿರುಚಿ ಬದಲಾಗಿ, ನೋತ್ರ-ದಾಮ್ ಸೇರಿದಂತೆ ಅವರ ಅನೇಕ ಆರ್ಗನ್‌ಗಳ ಸ್ವರೂಪವನ್ನೇ ಮಾರ್ಪಡಿಸಲಾಯಿತು. ಸಾಂ-ಸುಲ್ಪೀಸ್ ಮಾತ್ರ ಬಹುಪಾಲು ಹಾಗೆಯೇ ಉಳಿಯಿತು. 1870ರಿಂದ 1971ರವರೆಗೆ ಅದನ್ನು ನುಡಿಸುವ ಹೊಣೆ ಹೊತ್ತವರು ಇಬ್ಬರೇ: ವಿದೋರ್ ಮತ್ತು ಅವರ ನಂತರ ಮಾರ್ಸೆಲ್ ದ್ಯೂಪ್ರೆ.