ಗಾಯಾಳುಗಳ ಸರದಿ

ಕೆಲವು ವರ್ಷಗಳ ಹಿಂದೆ ಮುರಿದ ಮುಂಗೈ ಹಿಡಿದುಕೊಂಡು ಬೆಂಗಳೂರಿನ ಆಸ್ಪತ್ರೆಯೊಂದರ ತುರ್ತು ಚಿಕಿತ್ಸಾ ಘಟಕದಲ್ಲಿ ಕುಳಿತಿದ್ದೆ. ನನ್ನ ನಂತರ ಬಂದ ಕಟ್ಟಡ ಕಾರ್ಮಿಕರೊಬ್ಬರನ್ನು ನೇರವಾಗಿ ಒಳಗೆ ಕರೆದೊಯ್ದರು. ಅವರ ಮೈಮೇಲೆ ರಕ್ತದ ಕಲೆಯೂ ಇರಲಿಲ್ಲ. ಸರದಿ ತಪ್ಪಿತೆಂದು ಸಿಟ್ಟಾದ ನಾನು ಪರಿಚಯದ ಅಧಿಕಾರಿಯೊಬ್ಬರಿಗೆ ಫೋನ್ ಮಾಡಲು ಮುಂದಾದೆ. ಅಷ್ಟರಲ್ಲಿ ಗೊತ್ತಾಯಿತು: ಅಟ್ಟಣಿಗೆಯಿಂದ ಬಿದ್ದಿದ್ದ ಅವರಿಗೆ ಹೊಟ್ಟೆಯೊಳಗೆ ರಕ್ತಸ್ರಾವವಾಗುತ್ತಿತ್ತು. ಆ ನಾಚಿಕೆಯೇ ನನ್ನನ್ನು ಡೊಮಿನಿಕ್ ಜಾನ್ ಲಾರೆಯ ಜೀವನ ಚರಿತ್ರೆಯತ್ತ ಸೆಳೆಯಿತು.

1766ರಲ್ಲಿ ಫ್ರಾನ್ಸಿನ ಪಿರನೀಸ್ ಪರ್ವತ ಪ್ರದೇಶದ ಹಳ್ಳಿಯೊಂದರಲ್ಲಿ ಜನಿಸಿದ ಲಾರೆ, ಬಾಲ್ಯದಲ್ಲೇ ತಂದೆಯನ್ನು ಕಳೆದುಕೊಂಡು, ತೂಲೂಸಿನಲ್ಲಿ ಶಸ್ತ್ರವೈದ್ಯನಾಗಿದ್ದ ತಂದೆಯ ಸೋದರನ ಬಳಿ ವಿದ್ಯೆ ಕಲಿತ. 1792ರಲ್ಲಿ ರೈನ್ ಸೇನೆ ಸೇರಿದಾಗ ಆತ ಕಂಡದ್ದು ದಾರುಣ ದೃಶ್ಯ. ಚಿಕಿತ್ಸಾ ಗಾಡಿಗಳು ರಣರಂಗದಿಂದ ಹಲವು ಕಿಲೋಮೀಟರ್ ಹಿಂದೆ ನಿಲ್ಲಬೇಕಿತ್ತು. ಕಾಳಗ ಮುಗಿಯುವವರೆಗೆ ಗಾಯಾಳುಗಳು ಬಿದ್ದಲ್ಲೇ ನರಳುತ್ತಿದ್ದರು. ಕುದುರೆಗಳು ಎಳೆದೊಯ್ಯುವ ಹಗುರ ಫಿರಂಗಿಗಳ ವೇಗವನ್ನು ಗಮನಿಸಿದ ಲಾರೆ, ಅದೇ ಮಾದರಿಯಲ್ಲಿ ಹಗುರ ಗಾಡಿಗಳನ್ನು ಮಾಡಿಸಿದ. ಅವೇ ಮುಂದೆ ಹಾರುವ ಆಂಬುಲೆನ್ಸ್‌ಗಳೆಂದು ಹೆಸರಾದವು.

ಆತನ ಇನ್ನೊಂದು ಕೊಡುಗೆ ಇದಕ್ಕಿಂತ ದೊಡ್ಡದು. ಹುದ್ದೆ, ದೇಶ ಯಾವುದೇ ಇರಲಿ, ಪ್ರಾಣಾಪಾಯದಲ್ಲಿರುವವನಿಗೆ ಮೊದಲ ಚಿಕಿತ್ಸೆ ಎಂಬುದು ಆತನ ನಿಯಮ. ಜಜ್ಜಿಹೋದ ಕೈಕಾಲನ್ನು ಮೊದಲ ಇಪ್ಪತ್ತನಾಲ್ಕು ಗಂಟೆಗಳೊಳಗೆ ಕತ್ತರಿಸಿದರೆ ಬದುಕುವ ಸಾಧ್ಯತೆ ಹೆಚ್ಚೆಂಬುದನ್ನು ಅನುಭವದಿಂದ ಕಂಡುಕೊಂಡಿದ್ದ. ಅರಿವಳಿಕೆಯಾಗಲಿ, ರೋಗಾಣುಗಳ ಜ್ಞಾನವಾಗಲಿ ಇಲ್ಲದ ಕಾಲವದು. 1812ರ ಬೊರೊಡಿನೊ ಕದನದಲ್ಲಿ ಒಂದೇ ದಿನ ಸುಮಾರು ಇನ್ನೂರು ಅಂಗಚ್ಛೇದನಗಳನ್ನು ಆತ ಮಾಡಿದನೆನ್ನಲಾಗಿದೆ. ಅದೇ ವರ್ಷ ರಷ್ಯಾದಿಂದ ಹಿಮ್ಮೆಟ್ಟುವಾಗ ಬೆರೆಜಿನಾ ನದಿಯ ಸೇತುವೆಯ ನೂಕುನುಗ್ಗಲಿನಲ್ಲಿ ಸಿಲುಕಿದ ಆತನನ್ನು ಸೈನಿಕರು ತಲೆಯ ಮೇಲೆತ್ತಿ, ಕೈಯಿಂದ ಕೈಗೆ ದಾಟಿಸಿ ಉಳಿಸಿಕೊಂಡರು. 1815ರಲ್ಲಿ ವಾಟರ್ಲೂ ಬಳಿ ಪ್ರಷ್ಯನ್ನರಿಗೆ ಸೆರೆಸಿಕ್ಕು ಮರಣದಂಡನೆಯ ಅಂಚಿಗೆ ಬಂದಾಗಲೂ, ಗುರುತಿಸಿದ ವೈದ್ಯನೊಬ್ಬನಿಂದಾಗಿ ಪಾರಾದ. ನೆಪೋಲಿಯನ್ ತನ್ನ ಮರಣಶಾಸನದಲ್ಲಿ ಆತನಿಗೆ ಒಂದು ಲಕ್ಷ ಫ್ರಾಂಕ್ ಬರೆದಿಟ್ಟ. 1842ರಲ್ಲಿ ಲಾರೆ ಲಿಯೋನಿನಲ್ಲಿ ನಿಧನನಾದ.

ಯುದ್ಧದಾಹಿ ಚಕ್ರವರ್ತಿಯೊಬ್ಬನ ಸೇವೆಯಲ್ಲಿ ಬೆಳೆದ ವಿದ್ಯೆಯಿದು ಎಂಬುದನ್ನು ಮರೆಯುವಂತಿಲ್ಲ. ಆದರೂ ಇಂದಿನ ತುರ್ತು ವೈದ್ಯರು ಲಾರೆಯ ದಾರಿಯಲ್ಲೇ ನಡೆಯುತ್ತಾರೆ. ಮೊದಲು ಶ್ವಾಸಮಾರ್ಗ, ಉಸಿರಾಟ, ರಕ್ತಪರಿಚಲನೆ, ಪ್ರಜ್ಞೆಗಳ ಪರೀಕ್ಷೆ. ಒಳಗಿನ ರಕ್ತಸ್ರಾವದ ಸಂಶಯವಿದ್ದರೆ ಕೆಲವೇ ನಿಮಿಷಗಳ ಅಲ್ಟ್ರಾಸೌಂಡ್. ಬಂದ ಹೊತ್ತಿಗಾಗಲಿ, ಗೋಳಾಟದ ದನಿಗಾಗಲಿ ಅಲ್ಲಿ ಬೆಲೆಯಿಲ್ಲ. ಅಪಾಯದಲ್ಲಿರುವವನು ಎಷ್ಟೋ ಸಲ ಸದ್ದಿಲ್ಲದೆ ಮಲಗಿರುತ್ತಾನೆ. ಪ್ರಭಾವಿಗಳ ಒಂದು ಕರೆಯಿಂದ ಎಲ್ಲ ಸರದಿಗಳೂ ಬದಲಾಗುವ ನಮ್ಮಲ್ಲಿ, ಈ ಒಂದು ಸರದಿಯನ್ನಾದರೂ ವೈದ್ಯರಿಗೇ ಬಿಡಬೇಕು. ಅಂದು ನಾನು ಮಾಡದೆ ಉಳಿದ ಆ ಕರೆಯನ್ನು ನೆನೆದಾಗಲೆಲ್ಲ ಹೀಗೆನ್ನಿಸುತ್ತದೆ.