ಪದವಿ ಇಲ್ಲದ ವಿಜ್ಞಾನ ಮಾಷ್ಟ್ರು: ಬಾಲವನದ ಕಾರಂತಜ್ಜ

ಇಚಿಲಂಪಾಡಿ: ಶಾಲೆಯಲ್ಲಿ ವಿಜ್ಞಾನ ವಸ್ತುಪ್ರದರ್ಶನ ಅಂದ್ರೆ ಪೇಟೆಯ ಅಂಗಡಿಗಳಲ್ಲಿ ಥರ್ಮಾಕೋಲ್, ಗೋಂದು, ಬಣ್ಣದ ಕಾಗದಕ್ಕೆ ಒಳ್ಳೆ ವ್ಯಾಪಾರ. ರಾತ್ರಿ ಅಪ್ಪ-ಅಮ್ಮ ಕೂತು ಮಾಡೆಲ್ ಮಾಡ್ತಾರೆ, ಬೆಳಗ್ಗೆ ಮಗು ಬಾಯಿಪಾಠ ಒಪ್ಪಿಸುತ್ತದೆ. ವಿಜ್ಞಾನ ಕಲಿಯುವುದು ಹೀಗೆಯಾ? ಈ ಪ್ರಶ್ನೆಗೆ ಉತ್ತರ ನಮ್ಮ ಪಕ್ಕದ ಪುತ್ತೂರಿನಲ್ಲೇ ಬದುಕಿದ ಒಬ್ಬರ ಜೀವನದಲ್ಲಿ ಉಂಟು. ಅವರೇ ಡಾ. ಕೋಟ ಶಿವರಾಮ ಕಾರಂತರು.

1902ರ ಅಕ್ಟೋಬರ್ 10ರಂದು ಕೋಟದಲ್ಲಿ ಹುಟ್ಟಿದ ಕಾರಂತರು ಗಾಂಧೀಜಿಯವರ ಅಸಹಕಾರ ಚಳವಳಿಗಾಗಿ ಕಾಲೇಜು ಬಿಟ್ಟವರು. ಮತ್ತೆ ಪದವಿಯ ಹಿಂದೆ ಹೋಗಲಿಲ್ಲ. ಪುತ್ತೂರಿಗೆ ಬಂದು ನೆಲೆಸಿ, 1930ರ ದಶಕದಲ್ಲಿ ಪರ್ಲಡ್ಕದಲ್ಲಿ ಬಾಲವನ ಕಟ್ಟಿದರು. ಆಟ, ಕುಣಿತ, ಚಿತ್ರ, ನಾಟಕದ ಮೂಲಕ ಮಕ್ಕಳು ತಾವಾಗಿ ಕಲಿಯಬೇಕು ಅನ್ನುವುದು ಅವರ ಆಸೆ. ಬೆತ್ತಕ್ಕೂ ಬಾಯಿಪಾಠಕ್ಕೂ ಅಲ್ಲಿ ಜಾಗ ಇರಲಿಲ್ಲ.

1936ರಲ್ಲಿ ಬಂದ 'ಬಾಲಪ್ರಪಂಚ' ಮಕ್ಕಳಿಗಾಗಿ ಮೂರು ಸಂಪುಟಗಳ ವಿಶ್ವಕೋಶ. ಆಮೇಲೆ ದೊಡ್ಡವರಿಗಾಗಿ 'ವಿಜ್ಞಾನ ಪ್ರಪಂಚ', ನಾಲ್ಕು ಸಂಪುಟ. ಇವತ್ತು ಒಂದು ಸಮಿತಿಯೇ ಮಾಡುವ ಕೆಲಸವನ್ನು ಒಬ್ಬರೇ ಮಾಡಿದರು. ವಿಜ್ಞಾನದಲ್ಲಿ ಡಿಗ್ರಿ ಇಲ್ಲದವರಿಗೆ ಇದು ಸಾಧ್ಯವಾದದ್ದು ಹೇಗೆ? ಕಲಿಸುವ ಮೊದಲು ಅವರು ತಾವೇ ವಿದ್ಯಾರ್ಥಿಯಾದರು. ಓದಿದರು, ಊರೂರು ತಿರುಗಿದರು, ಕಣ್ಣಾರೆ ನೋಡಿದರು. ಯಕ್ಷಗಾನವನ್ನೂ ಹೀಗೇ ಹುಡುಕಿ ಹುಡುಕಿ ಅಭ್ಯಾಸ ಮಾಡಿದರು. ನಮ್ಮ ಸುಬ್ರಹ್ಮಣ್ಯ ಕಡೆಯ ಕಾಡು-ಗುಡ್ಡಗಳಲ್ಲಿ ಅಲೆದ ಅನುಭವವೇ 1943ರ 'ಬೆಟ್ಟದ ಜೀವ' ಕಾದಂಬರಿ ಆಯಿತು.

ಪ್ರಶ್ನೆ ಕೇಳುವ ಗುಣ ಮುದಿ ವಯಸ್ಸಿನಲ್ಲೂ ಬಿಡಲಿಲ್ಲ. 1977ನೇ ಸಾಲಿನ ಜ್ಞಾನಪೀಠ ಬಂದ ಮೇಲೂ ಸುಮ್ಮನೆ ಕೂರಲಿಲ್ಲ. ಕೈಗಾ ಅಣುಸ್ಥಾವರವನ್ನು ವಿರೋಧಿಸಿ ಬೀದಿಗಿಳಿದರು, 1989ರಲ್ಲಿ ಉತ್ತರ ಕನ್ನಡದಿಂದ ಲೋಕಸಭೆಗೂ ನಿಂತು ಸೋತರು. 1997ರ ಡಿಸೆಂಬರ್ 9ರಂದು ತೀರಿಕೊಂಡರು.

ಈಗಿನ ಶಿಕ್ಷಕರ ತರಬೇತಿಗೆ ಈ ಬದುಕಿನಿಂದ ಕಲಿಯುವುದು ಉಂಟು. ಮಾಡೆಲ್ ಅಂದ್ರೆ ಬಣ್ಣದ ಗೊಂಬೆ ಅಲ್ಲ, ನಮ್ಮ ಊಹೆಯನ್ನು ಪರೀಕ್ಷೆ ಮಾಡುವ ಸಾಧನ. ಮಳೆಗಾಲದಲ್ಲಿ ನಮ್ಮ ಹೊಳೆ ಯಾಕೆ ಕೆಂಪಾಗುತ್ತದೆ? ಎರಡು ಟ್ರೇಗಳಲ್ಲಿ ಮಣ್ಣು ಹಾಕಿ, ಒಂದರ ಮೇಲೆ ತರಗೆಲೆ ಹೊದಿಸಿ, ಇನ್ನೊಂದನ್ನು ಬೋಳಾಗಿ ಬಿಡಿ. ಎರಡನ್ನೂ ಒಂದೇ ಓರೆಯಲ್ಲಿಟ್ಟು ಒಂದೇ ಅಳತೆಯ ನೀರು ಹೊಯ್ಯಿರಿ. ಯಾವುದರಿಂದ ಕೆಸರು ಹೆಚ್ಚು ಬರುತ್ತದೆ ಅಂತ ಮಕ್ಕಳು ಮೊದಲೇ ಬರೆದಿಡಲಿ. ಊಹೆ ತಪ್ಪಿದರೆ ಯಾಕೆ ಅಂತ ಅವರೇ ಯೋಚಿಸಿ, ಬದಲಿಸಿ, ಮತ್ತೆ ಮಾಡಲಿ.

ಆದರೆ ಇದನ್ನು ಮಾಷ್ಟ್ರು, ಟೀಚರ್ ಮೊದಲು ತಾವೇ ಮಾಡಿ ನೋಡಿರಬೇಕು. ತರಬೇತಿಯಲ್ಲಿ ದಿನವಿಡೀ ಭಾಷಣ ಕೇಳಿದವರು ಶಾಲೆಗೆ ಬಂದು ಭಾಷಣವನ್ನೇ ಮಾಡುತ್ತಾರೆ. ತರಬೇತಿಯಲ್ಲಿ ಅವರ ಕೈಗೂ ಮಣ್ಣು ಆಗಬೇಕು, ಅವರ ಊಹೆಯೂ ನಾಲ್ಕು ಸಲ ತಪ್ಪಬೇಕು.

ಬಾಲವನ ಈಗಲೂ ಉಂಟು, ಪುತ್ತೂರಿಗೆ ಹೋದಾಗ ಮಕ್ಕಳನ್ನು ಕರೆದುಕೊಂಡು ಹೋಗಿ. ಮುಂದಿನ ಸಲ ಮಾಡೆಲ್‌ಗೆ ಥರ್ಮಾಕೋಲ್ ಬೇಕು ಅಂತ ಮಗು ಹಟ ಹಿಡಿದರೆ, ಯಾವ ಪ್ರಶ್ನೆಗೆ ಅಂತ ಒಮ್ಮೆ ಕೇಳಿ. ಅಂಗಡಿಯವರು ಬೇಜಾರು ಮಾಡಬೇಡಿ!